ಪರದೆಯ ಮೇಲೆ ಕನ್ನಡ ಮಸುಕಾಗಬೇಕಿಲ್ಲ

ವಿಂಡೋಸ್ 10ರ ಕಾಲ ಮುಗಿಯಿತು. ಹಳೆಯ ಲ್ಯಾಪ್‌ಟಾಪ್‌ಗಳು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆ ಹಾಕಿಸಿಕೊಂಡು ಮತ್ತೆ ಕೆಲಸಕ್ಕೆ ಬರುತ್ತಿವೆ. ಹೊಸಬರ ಮೊದಲ ದೂರು ‘ಅಕ್ಷರ ಚೆನ್ನಾಗಿ ಕಾಣುತ್ತಿಲ್ಲ’ ಎಂಬುದು. ಅದಕ್ಕೆ ಪರಿಹಾರವಿದೆ, ಖರ್ಚೂ ಇಲ್ಲ. ಆದರೆ ಇಂಗ್ಲಿಷಿಗೆಂದು ಬರೆದ ಮದ್ದು ಕನ್ನಡಕ್ಕೆ ಸಾಲದು.

ಪರದೆಯ ಮೇಲಿನ ತಲೆಬರಹದಲ್ಲಿ ‘ರಾಷ್ಟ್ರೀಯ’ ಎಂದಿರಬೇಕು. ‘ಷ’ ಕಾಣುತ್ತದೆ. ಅದರ ಕೆಳಗಿನ ಟ ಒತ್ತು, ರ ಒತ್ತು ಎರಡೂ ಸೇರಿ ಬೂದು ಬಣ್ಣದ ಒಂದು ಚುಕ್ಕೆಯಾಗಿವೆ.

“ಕನ್ನಡಕ ಹಾಕ್ಕೊಂಡ್ರೂ ಓದೋಕೆ ಆಗ್ತಿಲ್ವಲ್ಲೇ” ಎಂದು ದೊಡ್ಡಪ್ಪ ಪರದೆಯತ್ತ ಇನ್ನಷ್ಟು ಬಾಗುತ್ತಾರೆ. “ನಿಮ್ಮ ಕಣ್ಣಿನ ತಪ್ಪಲ್ಲ ದೊಡ್ಡಪ್ಪ, ಇಲ್ಲಿ ಕೊಡಿ” ಎನ್ನುತ್ತಾಳೆ ಹಿಂದಿನ ರಾತ್ರಿಯಷ್ಟೇ ಆ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಟ್ಟ ತಮ್ಮನ ಮಗಳು. ಕನ್ನಡಕ್ಕೆ ಬೇರೆ ಫಾಂಟ್ ಆರಿಸುತ್ತಾಳೆ, ಗಾತ್ರ ಸ್ವಲ್ಪ ಹೆಚ್ಚಿಸುತ್ತಾಳೆ, ‘ಹಿಂಟಿಂಗ್’ ಎಂಬಲ್ಲಿ ಒಂದು ಆಯ್ಕೆ ಬದಲಿಸುತ್ತಾಳೆ. ಬ್ರೌಸರ್ ಮುಚ್ಚಿ ತೆರೆದಾಗ ಅದೇ ತಲೆಬರಹದಲ್ಲಿ ಷ, ಅದರಡಿ ಟ, ಪಕ್ಕದಲ್ಲಿ ರ ಬೇರೆಬೇರೆಯಾಗಿ ನಿಂತಿವೆ.

ಇಂಥ ದೃಶ್ಯಗಳಿಗೆ ಈಗ ಕಾರಣವೂ ಇದೆ. 2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11 ಕೇಳುವ ಭದ್ರತಾ ಚಿಪ್ ಮತ್ತು ಹೊಸ ಪ್ರೊಸೆಸರ್ ಅನೇಕ ಹಳೆಯ ಯಂತ್ರಗಳಲ್ಲಿ ಇಲ್ಲ. ಗಟ್ಟಿಮುಟ್ಟಾಗಿರುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸಾಗದವರು ಲಿನಕ್ಸ್ ಕಡೆ ನೋಡುತ್ತಿದ್ದಾರೆ. ಅವರಿಗೆ ಮೊದಲು ಎದುರಾಗುವುದು ವೇಗವಲ್ಲ, ವೈರಸ್ ಭಯವಲ್ಲ, ಅಕ್ಷರಗಳು.

ಅಕ್ಷರದ ಅಂದ ಅಲಂಕಾರದ ಮಾತಲ್ಲ. ದಿನಕ್ಕೆ ಗಂಟೆಗಟ್ಟಲೆ ಪರದೆ ನೋಡುವವರಿಗೆ ಅದು ಕಣ್ಣಿನ ಮಾತು. ಹಿರಿಯರಿಗೂ ಆಗಷ್ಟೇ ಓದಲು ಕಲಿಯುತ್ತಿರುವ ಮಕ್ಕಳಿಗೂ ಅದು ಓದು ಮುಂದುವರಿಯುತ್ತದೋ ಅಲ್ಲೇ ನಿಲ್ಲುತ್ತದೋ ಎಂಬ ಮಾತು.

ಒಂದು ಪದ, ನಾಲ್ಕು ಕೈ

ಕೀಲಿಮಣೆಯಲ್ಲಿ ‘ರಾಷ್ಟ್ರೀಯ’ ಎಂದು ಒತ್ತಿದಾಗ ನಮ್ಮ ಕಣ್ಣಿಗೆ 3 ಅಕ್ಷರ. ಕಂಪ್ಯೂಟರಿಗೆ ಸಿಗುವುದು 9 ಯೂನಿಕೋಡ್ ಸಂಕೇತಗಳ ಸಾಲು: ರ, ಆಕಾರದ ಚಿಹ್ನೆ, ಷ, ಹಲಂತ, ಟ, ಹಲಂತ, ರ, ಈಕಾರದ ಚಿಹ್ನೆ, ಯ. ಈ ಸಾಲು ಪರದೆಯ ಮೇಲೆ ಅಕ್ಷರವಾಗುವ ಮುನ್ನ ನಾಲ್ಕು ಕೈ ದಾಟುತ್ತದೆ.

ಮೊದಲನೆಯದು ‘ಫಾಂಟ್‌ಕಾನ್ಫಿಗ್’. ಕೀತ್ ಪ್ಯಾಕರ್ಡ್ ಎಂಬ ಅಮೆರಿಕದ ಪ್ರೋಗ್ರಾಮರ್ ಆರಂಭಿಸಿದ ಈ ತಂತ್ರಾಂಶ, ಯಂತ್ರದಲ್ಲಿರುವ ಫಾಂಟ್‌ಗಳನ್ನೆಲ್ಲ ಜಾಲಾಡಿ, ಈ ಪಠ್ಯಕ್ಕೆ ಯಾವುದು ಸೂಕ್ತ ಎಂದು ತೀರ್ಮಾನಿಸುತ್ತದೆ. ಇಂಗ್ಲಿಷಿಗೆಂದು ಆರಿಸಿದ ಫಾಂಟಿನಲ್ಲಿ ಕನ್ನಡ ಇಲ್ಲದಿದ್ದರೆ ಬದಲಿ ಹುಡುಕುವುದೂ ಇದೇ.

ಎರಡನೆಯದು ‘ಹಾರ್ಫ್‌ಬಜ್’. ಇರಾನ್ ಮೂಲದ ಬೆಹ್ದಾದ್ ಎಸ್ಫಹಬೋದ್ ಅವರ ಮುಂದಾಳತ್ವದಲ್ಲಿ ಬೆಳೆದ ಇದು ಸಂಕೇತಗಳ ಸಾಲನ್ನು ಅಕ್ಷರರೂಪಕ್ಕೆ ಜೋಡಿಸುತ್ತದೆ. ‘ಷ್ಟ್ರೀ’ಯಲ್ಲಿ ಈಕಾರ ಬರುವುದು ಎಲ್ಲದರ ಕೊನೆಗೆ. ಬರೆಯುವಾಗ ಮಾತ್ರ ಅದರ ಗುಡಿಸು ಷದ ತಲೆಯ ಮೇಲೆ ಕೂರಬೇಕು, ಒತ್ತುಗಳು ಕೆಳಗಿಳಿಯಬೇಕು, ದೀರ್ಘದ ಕೊಂಡಿ ಒತ್ತುಗಳನ್ನೂ ದಾಟಿ ಬಲಕ್ಕೆ ಹೋಗಬೇಕು. ‘ಸೂರ್ಯ’ದಲ್ಲಿ ಮೊದಲು ಉಚ್ಚರಿಸಿದ ರಕಾರ ಅರ್ಕಾವತ್ತಾಗಿ ಯಕಾರದ ಬಲಕ್ಕೆ ಸರಿಯಬೇಕು. ಈ ಜಾಗ ಬದಲಾವಣೆಯ ನಿಯಮಗಳೆಲ್ಲ ಹಾರ್ಫ್‌ಬಜ್‌ಗೆ ಗೊತ್ತು. ಪ್ರತಿ ರೂಪದ ಚಿತ್ರ ಫಾಂಟಿನಲ್ಲಿರುತ್ತದೆ.

ಮೂರನೆಯದು ‘ಫ್ರೀಟೈಪ್’. ಫಾಂಟಿನಲ್ಲಿ ಅಕ್ಷರ ಇರುವುದು ಗಣಿತದ ವಕ್ರರೇಖೆಗಳಾಗಿ. ಅದನ್ನು ಪರದೆಯ ಪಿಕ್ಸೆಲ್‌ಗಳ ಮೇಲೆ ಇಳಿಸಿ, ಯಾವ ಚೌಕ ಎಷ್ಟು ಕಪ್ಪಾಗಬೇಕು ಎಂದು ಲೆಕ್ಕ ಹಾಕುವುದು ಇದರ ಕೆಲಸ. ನಾಲ್ಕನೆಯ ಕೈ ಆ ಚಿತ್ರವನ್ನು ಪುಟದ ಮೇಲೆ ಅಂಟಿಸುತ್ತದೆ: ಲಿನಕ್ಸ್ ಡೆಸ್ಕ್‌ಟಾಪ್‌ಗಳಾದ ಗ್ನೋಮ್, ಕೆಡಿಇ, ಜತೆಗೆ ಬ್ರೌಸರ್, ಒಂದೊಂದರದೂ ಒಂದೊಂದು ವ್ಯವಸ್ಥೆ.

ಈ ಹಾದಿ ತಿಳಿದಿದ್ದರೆ ದೂರಿನ ಮೂಲ ಹಿಡಿಯುವುದು ಸುಲಭ. ಒಂದೇ ಪುಟದಲ್ಲಿ ಎರಡು ಬಗೆಯ ಕನ್ನಡ ಕಂಡರೆ ಮೊದಲ ಕೈಯನ್ನು ನೋಡಿ. ಒತ್ತು ಕಳಚಿ ಬಿದ್ದಿದ್ದರೆ ಎರಡನೆಯ ಕೈ, ಇಲ್ಲವೇ ಫಾಂಟ್. ಅಂಚು ಮಸುಕಾಗಿದ್ದರೆ ಮೂರನೆಯದು. ಇಡೀ ಕಿಟಕಿಯೇ ಮಂಜಾಗಿದ್ದರೆ ನಾಲ್ಕನೆಯದು.

ಒತ್ತು ಕಳಚುವ ಕಾಟ ಈಗ ಬಹಳಷ್ಟು ಕಡಿಮೆಯಾಗಿದೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಗ್ನೋಮ್, ಕೆಡಿಇ ಎಲ್ಲವೂ ಹಾರ್ಫ್‌ಬಜ್ ಬಳಸುತ್ತವೆ. 2017ರಲ್ಲಿ ಬಂದ 5.3ನೇ ಆವೃತ್ತಿಯಿಂದ ಲಿಬ್ರೆಆಫೀಸ್ ಕೂಡ ಎಲ್ಲ ವೇದಿಕೆಗಳಲ್ಲಿ ಅದನ್ನೇ ನೆಚ್ಚಿಕೊಂಡಿದೆ. ಒಂದು ಕಡೆ ತಪ್ಪು ತಿದ್ದಿದರೆ ಎಲ್ಲ ಕಡೆ ತಿದ್ದಿದಂತೆ. ಉಳಿದಿರುವ ದೊಡ್ಡ ತೊಡಕು ಸ್ಪಷ್ಟತೆಯದು.

ಹದಿನೈದು ಪಿಕ್ಸೆಲ್‌ನ ಇಕ್ಕಟ್ಟು

15.6 ಇಂಚಿನ, 1366×768 ಪಿಕ್ಸೆಲ್‌ನ ಪರದೆ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ತೀರಾ ಸಾಮಾನ್ಯ. ಅದರಲ್ಲಿ ಒಂದು ಇಂಚಿಗೆ ಸುಮಾರು 100 ಪಿಕ್ಸೆಲ್. ಸಾಧಾರಣ ಲೇಸರ್ ಪ್ರಿಂಟರ್ ಅದೇ ಇಂಚಿನಲ್ಲಿ 600 ಚುಕ್ಕೆ ಇಡುತ್ತದೆ.

ಲಿನಕ್ಸ್ ಸಾಮಾನ್ಯವಾಗಿ ಇಂಚಿಗೆ 96 ಪಿಕ್ಸೆಲ್ ಎಂದೇ ಲೆಕ್ಕ ಹಿಡಿಯುತ್ತದೆ. ಆ ಲೆಕ್ಕದಲ್ಲಿ 11 ಪಾಯಿಂಟ್ ಗಾತ್ರದ ಅಕ್ಷರಕ್ಕೆ ಸಿಗುವ ಚೌಕಟ್ಟು ಸುಮಾರು 15 ಪಿಕ್ಸೆಲ್ ಎತ್ತರ. ಲೇಸರ್ ಮುದ್ರಣದಲ್ಲಿ ಅದೇ ಅಕ್ಷರಕ್ಕೆ ಸುಮಾರು 92 ಚುಕ್ಕೆ. ತಲೆಕಟ್ಟು, ಗುಡಿಸು, ಅಕ್ಷರದ ಹೊಟ್ಟೆ, ಅದರಡಿ ಒಂದೋ ಎರಡೋ ಒತ್ತು, ಇಷ್ಟೂ 15 ಪಿಕ್ಸೆಲ್‌ನಲ್ಲಿ ಹಿಡಿಯಬೇಕು.

ಇದಕ್ಕೆ ತಂತ್ರಜ್ಞರು ಮೂರು ಉಪಾಯ ಕಂಡುಕೊಂಡಿದ್ದಾರೆ. ಒಂದು, ‘ಆಂಟಿ ಅಲಿಯಾಸಿಂಗ್’. ವಕ್ರರೇಖೆ ಒಂದು ಪಿಕ್ಸೆಲ್ಲಿನ ಅರ್ಧವನ್ನಷ್ಟೇ ಮುಚ್ಚಿದರೆ ಆ ಪಿಕ್ಸೆಲ್ ಅರ್ಧ ಬೂದಾಗುತ್ತದೆ. ಕಪ್ಪಿನಿಂದ ಬಿಳಿಯವರೆಗೆ 256 ಹಂತಗಳ ಬೂದು ಬಳಸಿ ಅಂಚಿನ ಮೆಟ್ಟಿಲುಗಳನ್ನು ನುಣುಪಾಗಿಸುವುದು ಇದರ ಕೆಲಸ.

ಎರಡು, ‘ಹಿಂಟಿಂಗ್’. ಎಳೆ ಎಣಿಸಿ ಹಾಕುವ ಧಾರವಾಡದ ಕಸೂತಿಯಲ್ಲಿ ದುಂಡನೆಯ ಗೆರೆ ಬೇಕಾದರೂ ಸೂಜಿ ಎಳೆಗಳ ಲೆಕ್ಕಕ್ಕೇ ಬಗ್ಗಬೇಕು. ಹಿಂಟಿಂಗ್ ಮಾಡುವುದೂ ಅದನ್ನೇ. ಗೆರೆ ಎರಡು ಪಿಕ್ಸೆಲ್‌ಗಳ ನಡುವೆ ಬಿದ್ದು ಎರಡನ್ನೂ ಮಸುಕಾಗಿಸುವ ಬದಲು, ಅದನ್ನು ಒಂದರ ಮೇಲೆ ಸರಿಯಾಗಿ ಕೂರುವಂತೆ ಅಷ್ಟಿಷ್ಟು ಸರಿಸುತ್ತದೆ.

ಮೂರು, ‘ಸಬ್‌ಪಿಕ್ಸೆಲ್’ ವಿಧಾನ. ಎಲ್‌ಸಿಡಿ ಪರದೆಯ ಪ್ರತಿ ಪಿಕ್ಸೆಲ್‌ನಲ್ಲಿ ಕೆಂಪು, ಹಸಿರು, ನೀಲಿ ಎಂಬ ಮೂರು ಪಟ್ಟಿ ಅಕ್ಕಪಕ್ಕ ಇರುತ್ತವೆ. ಅವನ್ನು ಒಂದೊಂದಾಗಿ ಬೆಳಗಿಸಿದರೆ ಅಡ್ಡದ ಅಳತೆಯಲ್ಲಿ ಮೂರು ಪಟ್ಟು ಸೂಕ್ಷ್ಮತೆ ಸಿಗುತ್ತದೆ.

ಅಡ್ಡದ ಅಳತೆಯಲ್ಲಿ ಮಾತ್ರ. ಕನ್ನಡ ಓದುಗರು ಗಮನಿಸಬೇಕಾದ ಅಂಶ ಇದು. ಇಂಗ್ಲಿಷ್ ಅಕ್ಷರಗಳಲ್ಲಿ ನೇರ ನಿಂತ ಕಡ್ಡಿಗಳು ಹೆಚ್ಚು. ಅವು ಅಕ್ಕಪಕ್ಕ ಒತ್ತಿಕೊಳ್ಳುತ್ತವೆ. ಹಾಗಾಗಿ ಸಬ್‌ಪಿಕ್ಸೆಲ್‌ನಿಂದ ಅದಕ್ಕೆ ದೊಡ್ಡ ಲಾಭ. ಕನ್ನಡದಲ್ಲಿ ಇಕ್ಕಟ್ಟು ಇರುವುದು ಮೇಲೆ ಕೆಳಗೆ. ‘ಉತ್ಪ್ರೇಕ್ಷೆ’ಯ ಎರಡು ಒತ್ತುಗಳು ಕೂಡಿಕೊಳ್ಳುವುದನ್ನು ಅಡ್ಡದ ಸೂಕ್ಷ್ಮತೆ ಪೂರ್ತಿ ಬಿಡಿಸಲಾರದು. ಅವಕ್ಕೆ ಬೇಕಾದ್ದು ಎತ್ತರ: ಸ್ವಲ್ಪ ದೊಡ್ಡ ಗಾತ್ರ, ಸಾಲುಗಳ ನಡುವೆ ಸ್ವಲ್ಪ ಹೆಚ್ಚು ಜಾಗ, ಒತ್ತುಗಳನ್ನು ಬಿಡಿಬಿಡಿಯಾಗಿ ಬಿಡಿಸಿದ ಫಾಂಟ್.

‘ಲಿನಕ್ಸ್‌ನಲ್ಲಿ ಫಾಂಟ್ ಚೆಂದ ಮಾಡುವುದು ಹೇಗೆ’ ಎಂಬ ಸಲಹೆಗಳು ಸಾಮಾನ್ಯವಾಗಿ ಸಬ್‌ಪಿಕ್ಸೆಲ್‌ನಿಂದ ಶುರುವಾಗುತ್ತವೆ. ಕನ್ನಡಕ್ಕೆ ಆ ಕ್ರಮವನ್ನು ತಿರುಗಿಸಬೇಕು. ಮೊದಲು ಫಾಂಟ್, ಆಮೇಲೆ ಗಾತ್ರ, ಆಮೇಲೆ ಹಿಂಟಿಂಗ್, ಕೊನೆಗೆ ಸಬ್‌ಪಿಕ್ಸೆಲ್.

▣ ಅಕ್ಷರದ ಹಾದಿಯ ಮೈಲಿಗಲ್ಲುಗಳು

1991: ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ.
1996: ಡೇವಿಡ್ ಟರ್ನರ್ ಅವರಿಂದ ಫ್ರೀಟೈಪ್ ಆರಂಭ.
1998: ಮೈಕ್ರೋಸಾಫ್ಟ್‌ನಿಂದ ಸಬ್‌ಪಿಕ್ಸೆಲ್ ಆಧಾರಿತ ‘ಕ್ಲಿಯರ್‌ಟೈಪ್’ ಘೋಷಣೆ.
2000: ಕೀತ್ ಪ್ಯಾಕರ್ಡ್ ಅವರ ‘ರೆಂಡರ್’ ವಿಸ್ತರಣೆ, ಲಿನಕ್ಸ್ ಪರದೆಯಲ್ಲಿ ನುಣುಪು ಅಂಚಿನ ಅಕ್ಷರಗಳಿಗೆ ದಾರಿ.
2004: ರೆಡ್ ಹ್ಯಾಟ್‌ನಿಂದ ಭಾರತೀಯ ಲಿಪಿಗಳ ‘ಲೋಹಿತ್’ ಫಾಂಟ್‌ಗಳು.
2010: ಟ್ರೂಟೈಪ್ ಹಿಂಟಿಂಗ್ ಮೇಲಿನ ಆಪಲ್ ಪೇಟೆಂಟ್‌ಗಳ ಅವಧಿ ಮುಕ್ತಾಯ.
2016: ಫ್ರೀಟೈಪ್ 2.7, ಹೊಸ ಬಗೆಯ ಹಿಂಟಿಂಗ್ ಎಲ್ಲರಿಗೂ ತಾನಾಗಿಯೇ ಲಭ್ಯ.

ಪೇಟೆಂಟಿನ ಬೇಲಿ

‘ಲಿನಕ್ಸ್‌ನಲ್ಲಿ ಅಕ್ಷರ ಚೆನ್ನಾಗಿ ಕಾಣಲ್ಲ’ ಎಂಬ ಮಾತು ಹಳೆಯದು. ಅದರ ಹಿಂದೆ ನಿಜವಾದ ಕಾರಣವೂ ಇತ್ತು. ತಂತ್ರಜ್ಞರಿಗೆ ಕೈಲಾಗದೆ ಹಾಗಾದದ್ದಲ್ಲ; ಕಾನೂನು ಅವರ ಕೈ ಕಟ್ಟಿತ್ತು.

ಟ್ರೂಟೈಪ್ ಫಾಂಟ್‌ನ ಒಳಗೆ ಅದನ್ನು ಬಿಡಿಸಿದವರೇ ಬರೆದಿಟ್ಟ ಸಣ್ಣ ಸಣ್ಣ ಸೂಚನೆಗಳಿರುತ್ತವೆ: ಈ ಗಾತ್ರದಲ್ಲಿ ಈ ಗೆರೆ ಈ ಪಿಕ್ಸೆಲ್‌ಗೆ ಬರಲಿ ಎಂದು. ಅವನ್ನು ಪಾಲಿಸುವ ವಿಧಾನದ ಕೆಲವು ಭಾಗಗಳ ಮೇಲೆ ಆಪಲ್ ಪೇಟೆಂಟ್ ಪಡೆದಿತ್ತು. ಫ್ರೀಟೈಪ್‌ಗೆ ಸೂಚನೆ ಓದುವುದು ಗೊತ್ತಿತ್ತು. ಆದರೂ ಆ ಭಾಗವನ್ನು ಮುಚ್ಚಿಟ್ಟೇ ಹಂಚಬೇಕಾಗಿತ್ತು.

ಬೇಲಿ ಅಡ್ಡ ಬಂದಾಗ ಫ್ರೀಟೈಪ್ ಆರಂಭಿಸಿದ ಡೇವಿಡ್ ಟರ್ನರ್ ಮತ್ತು ಜತೆಗಾರರು ಬೇರೆ ದಾರಿ ತುಳಿದರು. ಫಾಂಟಿನ ಸೂಚನೆಗಳನ್ನು ಮುಟ್ಟದೆ, ಅಕ್ಷರದ ಆಕಾರವನ್ನೇ ನೋಡಿ ಎಲ್ಲಿ ಗೆರೆಯಿದೆ, ಎಲ್ಲಿ ಅಂಚಿದೆ ಎಂದು ತಾನೇ ಊಹಿಸುವ ‘ಆಟೋಹಿಂಟರ್’ ಬರೆದರು. ಬೇಲಿ ದಾಟಲೆಂದು ಹುಟ್ಟಿದ ಆ ಉಪಾಯ ಇಂದು ಕನ್ನಡಕ್ಕೆ ದೊಡ್ಡ ಆಸರೆ.

ಆಪಲ್‌ನ ಕೊನೆಯ ಪೇಟೆಂಟ್ 2010ರ ಮೇ ತಿಂಗಳಿಗೆ ಮುಗಿಯಿತು. ಅದೇ ವರ್ಷದ ಜುಲೈನಲ್ಲಿ ಬಂದ ಫ್ರೀಟೈಪ್ 2.4ರಲ್ಲಿ ಮುಚ್ಚಿದ್ದ ಬಾಗಿಲು ತೆರೆಯಿತು. ಮೈಕ್ರೋಸಾಫ್ಟ್‌ನ ಕ್ಲಿಯರ್‌ಟೈಪ್ ಪೇಟೆಂಟ್‌ಗಳೂ 2019ರ ಹೊತ್ತಿಗೆ ಮುಗಿದವು. ಅಷ್ಟರಲ್ಲಿ, 2017ರ 2.8.1ನೇ ಆವೃತ್ತಿಯಲ್ಲೇ, ಪೇಟೆಂಟಿಗೆ ಸಿಗದ ‘ಹಾರ್ಮನಿ’ ಎಂಬ ತನ್ನದೇ ಸಬ್‌ಪಿಕ್ಸೆಲ್ ವಿಧಾನವನ್ನು ಫ್ರೀಟೈಪ್ ರೂಪಿಸಿಕೊಂಡಿತ್ತು.

ಆ ಬೇಲಿಯ ಕಾಲದಲ್ಲಿ ‘ಇನ್ಫಿನಾಲಿಟಿ’ ಎಂಬ ತೇಪೆಗಳ ಕಟ್ಟೊಂದು ಲಿನಕ್ಸ್ ಬಳಕೆದಾರರಲ್ಲಿ ಮನೆಮಾತಾಗಿತ್ತು. ಈಗಲೂ ಹಳೆಯ ಮಾರ್ಗದರ್ಶಿಗಳು ಅದನ್ನು ಹಾಕಿಕೊಳ್ಳಲು ಹೇಳುತ್ತವೆ. ಅದರ ಅಗತ್ಯ ಈಗಿಲ್ಲ. ಅದರ ಸಾರವನ್ನು ಹಗುರಾಗಿಸಿ 2016ರ ಫ್ರೀಟೈಪ್ 2.7ರಲ್ಲೇ ಸೇರಿಸಲಾಗಿದೆ. ನಿಮ್ಮ ಲಿನಕ್ಸ್ ಇತ್ತೀಚಿನದಾದರೆ ಅಕ್ಷರ ಬಿಡಿಸುವ ಎಂಜಿನ್ ಬದಲಿಸುವ ಗೋಜಿಗೆ ಹೋಗಬೇಡಿ. ಇರುವುದನ್ನು ಹೊಂದಿಸಿಕೊಂಡರೆ ಸಾಕು.

ಎಂಜಿನ್ನೊಳಗಿನ ಕನ್ನಡ ಸಾಲು

ಆಟೋಹಿಂಟರ್ ಊಹೆ ಮಾಡಲು ಅದಕ್ಕೊಂದು ಅಳತೆಗೋಲು ಬೇಕು. ಈ ಲಿಪಿಯ ಅಕ್ಷರಗಳ ತಲೆ ಎಲ್ಲಿ ಮುಗಿಯುತ್ತದೆ, ಪಾದ ಎಲ್ಲಿ ನಿಲ್ಲುತ್ತದೆ? ಅದಕ್ಕಾಗಿ ಫ್ರೀಟೈಪ್‌ನ ಮೂಲ ಸಂಕೇತದಲ್ಲಿ ಲಿಪಿಗೊಂದರಂತೆ ಅಕ್ಷರಗಳ ಪಟ್ಟಿಗಳಿವೆ. ಕನ್ನಡಕ್ಕೂ ಇದೆ. ತಲೆಯ ಅಂಚು ಅಳೆಯಲು ಇ, ಊ, ಐ, ಣ ಮುಂತಾದವು. ಪಾದದ ಅಂಚು ಅಳೆಯಲು ಅ, ಉ, ಎ, ಲ ಮುಂತಾದವು.

ನಮ್ಮ ಅಕ್ಷರಗಳು ಜಗತ್ತಿನ ಕೋಟ್ಯಂತರ ಯಂತ್ರಗಳಲ್ಲಿ ಓಡುವ ತಂತ್ರಾಂಶದ ಹೊಟ್ಟೆಯೊಳಗೆ ಹೀಗೆ ಕೂತಿವೆ. ಯಾರು ಬೇಕಾದರೂ ಆ ಕಡತ ತೆರೆದು ನೋಡಬಹುದು. ಬೇರೆ ಅಕ್ಷರ ಸೇರಿಸಿದರೆ ಉತ್ತಮ ಎನಿಸಿದರೆ ಕಾರಣ ಸಹಿತ ಹೇಳಬಹುದು.

ಸೆಟ್ಟಿಂಗ್ಸ್‌ನಲ್ಲಿ ಹಿಂಟಿಂಗ್‌ಗೆ ನಾಲ್ಕು ಆಯ್ಕೆ: ನನ್, ಸ್ಲೈಟ್, ಮೀಡಿಯಂ, ಫುಲ್. ಫುಲ್ ಎಂದರೆ ಫಾಂಟಿನೊಳಗೆ ಬರೆದಿಟ್ಟ ಸೂಚನೆಗಳನ್ನು ಪಾಲಿಸು ಎಂದು. ಸೂಚನೆ ಚೆನ್ನಾಗಿದ್ದರೆ ಅಕ್ಷರವೂ ಚೆನ್ನ. ಒಂದೊಂದು ಅಕ್ಷರಕ್ಕೂ ಕೈಯಾರೆ ಸೂಚನೆ ಬರೆಯುವುದು ಮಹಾ ಶ್ರಮದ ಕೆಲಸ. ನೂರಾರು ಒತ್ತು, ಗುಣಿತಾಕ್ಷರಗಳಿರುವ ಕನ್ನಡದಲ್ಲಿ ಆ ಶ್ರಮ ಇನ್ನೂ ಹೆಚ್ಚು. ಸ್ಲೈಟ್ ಎಂದರೆ ಟ್ರೂಟೈಪ್ ಫಾಂಟ್‌ಗಳ ಮಟ್ಟಿಗೆ ಆಟೋಹಿಂಟರ್ ಕೈಗೆ ಕೊಡು ಎಂದು. ಅದು ಮೇಲೆ ಕೆಳಗೆ ಮಾತ್ರ ಸರಿಪಡಿಸುತ್ತದೆ. ಅಕ್ಷರದ ಅಗಲ, ದುಂಡು ಹೊಟ್ಟೆ ಹಾಗೇ ಉಳಿಯುತ್ತವೆ. ಕನ್ನಡದ ಇಕ್ಕಟ್ಟು ಮೇಲೆ ಕೆಳಗಿನದೇ ಆದ್ದರಿಂದ ಶುರುಮಾಡಲು ಸ್ಲೈಟ್ ಸರಿಯಾದ ಆಯ್ಕೆ.

ದಪ್ಪ ಮಾಡಿದರೆ ಒತ್ತು ಮಾಯ

ಇನ್ನು ಫಾಂಟ್. ಕನ್ನಡಕ್ಕೆ ಉಚಿತ, ಮುಕ್ತ ಫಾಂಟ್‌ಗಳ ಕೊರತೆ ಮೊದಲಿನಷ್ಟಿಲ್ಲ. ಡೆಬಿಯನ್, ಉಬುಂಟು ಎಂಬ ಲಿನಕ್ಸ್‌ಗಳ ತಂತ್ರಾಂಶ ಭಂಡಾರಗಳಲ್ಲಿ ಕೇದಗೆ, ಮಲ್ಲಿಗೆ, ಗುಬ್ಬಿ, ಕೈಬರಹದ ಶೈಲಿಯ ನವಿಲು ಇವೆ. ಲೋಹಿತ್ ಕನ್ನಡ ವರ್ಷಗಳ ಕಾಲ ಅನೇಕ ಲಿನಕ್ಸ್‌ಗಳ ಮೊದಲ ಆಯ್ಕೆಯಾಗಿತ್ತು. ಆಮೇಲೆ ಗೂಗಲ್‌ನ ನೋಟೊ ಸ್ಯಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ ಬಂದವು. ಮುಂಬೈಯ ಏಕ್ ಟೈಪ್ ತಂಡದ ಬಲೂ ತಮ್ಮ, ಅನೇಕ್ ಕನ್ನಡ, ಟೀರೊ ಟೈಪ್‌ವರ್ಕ್ಸ್‌ನ ಟೀರೊ ಕನ್ನಡ ಕೂಡ ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ.

ಎಲ್ಲವೂ ಎಲ್ಲ ಕೆಲಸಕ್ಕೆ ಅಲ್ಲ. ಲೋಹಿತ್ ಕನ್ನಡದಲ್ಲಿ ಒಂದೇ ತೂಕ ಇದೆ. ದಪ್ಪ ಅಕ್ಷರ ಬೇರೆಯಾಗಿ ಬಿಡಿಸಿಲ್ಲ. ಪುಟದಲ್ಲಿ ತಲೆಬರಹ ಬೋಲ್ಡ್ ಆಗಿರಬೇಕಾದಾಗ ಕಂಪ್ಯೂಟರ್ ಇರುವ ಅಕ್ಷರದ ಗೆರೆಗಳನ್ನೇ ಎಲ್ಲ ಕಡೆ ಉಬ್ಬಿಸಿ ದಪ್ಪ ಮಾಡುತ್ತದೆ. ಇಂಗ್ಲಿಷಿನಲ್ಲಿ ಅದು ಹೇಗೋ ನಡೆದುಹೋಗುತ್ತದೆ. ಕನ್ನಡದಲ್ಲಿ ಒತ್ತುಗಳೊಳಗಿನ ಸಣ್ಣ ಬಿಳಿ ಜಾಗ ತುಂಬಿಕೊಂಡು ಅಕ್ಷರವೇ ಚುಕ್ಕೆಯಾಗುತ್ತದೆ. ನೋಟೊ ಸ್ಯಾನ್ಸ್ ಕನ್ನಡದಲ್ಲಿ ತೆಳುವಿನಿಂದ ಅತಿ ದಪ್ಪದವರೆಗೆ 9 ತೂಕಗಳನ್ನು ಬಿಡಿಸಿಯೇ ಕೊಟ್ಟಿದ್ದಾರೆ. ಹಳೆಯ ಪರದೆಗೆ ಇಂಥ ಫಾಂಟೇ ಬೇಕು.

ಫಾಂಟ್ ಹಾಕಿಕೊಂಡರಷ್ಟೇ ಸಾಲದು. ಫಾಂಟ್‌ಕಾನ್ಫಿಗ್ ಅದನ್ನೇ ಆರಿಸುತ್ತಿದೆಯೇ ಎಂದೂ ನೋಡಬೇಕು. ಟರ್ಮಿನಲ್‌ನಲ್ಲಿ ‘ಎಫ್‌ಸಿ-ಮ್ಯಾಚ್’ ಎಂಬ ಆಜ್ಞೆಗೆ ಕನ್ನಡದ ಭಾಷಾ ಸಂಕೇತ ಕೊಟ್ಟರೆ, ಈ ಯಂತ್ರ ಕನ್ನಡಕ್ಕೆ ಯಾವ ಫಾಂಟ್ ಆರಿಸುತ್ತದೆ ಎಂದು ಹೇಳುತ್ತದೆ. ನಿಮ್ಮ ಹೋಮ್ ಕೋಶದ ಅಡಗಿದ ಕಾನ್ಫಿಗ್ ಕಡತದಲ್ಲಿ ‘ಭಾಷೆ ಕನ್ನಡವಾದರೆ ಈ ಫಾಂಟ್ ಮೊದಲು’ ಎಂದು ನಿಯಮ ಬರೆಯಬಹುದು. ಒಮ್ಮೆ ಬರೆದ ಆ ಕಡತವನ್ನು ಮನೆಯ, ಶಾಲೆಯ, ಕಚೇರಿಯ ಎಲ್ಲ ಯಂತ್ರಗಳಿಗೂ ನಕಲು ಮಾಡಬಹುದು.

▣ ಹಳೆಯ ಪರದೆಗೆ ಐದು ಹೆಜ್ಜೆ

1. ಪರದೆಯ ನಿಜ ಅಳತೆ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಪರದೆಯ ಮೂಲ ರೆಸಲ್ಯೂಶನ್ ಆರಿಸಿ. ಬೇರೆ ಯಾವುದಿದ್ದರೂ ಮಸುಕು ಖಚಿತ. ಹೊರಗಿನ ಮಾನಿಟರ್ ಇದ್ದರೆ ಹಳೆಯ ವಿಜಿಎ ಕೇಬಲ್ ಬದಲು ಎಚ್‌ಡಿಎಂಐ ಬಳಸಿ.

2. ಸ್ಕೇಲಿಂಗ್. 125, 150 ಪ್ರತಿಶತದಂಥ ಆಯ್ಕೆಯಲ್ಲಿ ಕೆಲವು ಹಳೆಯ ತಂತ್ರಾಂಶಗಳ ಕಿಟಕಿಯನ್ನು ಚಿತ್ರದಂತೆ ಹಿಗ್ಗಿಸಲಾಗುತ್ತದೆ. 100 ಪ್ರತಿಶತ ಇಟ್ಟು, ಅಕ್ಷರದ ಗಾತ್ರವನ್ನಷ್ಟೇ ಹೆಚ್ಚಿಸಿದರೆ ಪ್ರತಿ ಅಕ್ಷರವೂ ಹೊಸದಾಗಿ ಬಿಡಿಸಿಕೊಳ್ಳುತ್ತದೆ.

3. ಫಾಂಟ್ ಮತ್ತು ಗಾತ್ರ. ನಿಜವಾದ ಬೋಲ್ಡ್ ಇರುವ ಕನ್ನಡ ಫಾಂಟ್ ಹಾಕಿ. ಇಂಗ್ಲಿಷಿಗೆ ಸಾಕೆನಿಸುವ ಗಾತ್ರಕ್ಕಿಂತ ಒಂದೆರಡು ಪಾಯಿಂಟ್ ಹೆಚ್ಚಿಸಿ.

4. ಹಿಂಟಿಂಗ್, ಸಬ್‌ಪಿಕ್ಸೆಲ್. ಗ್ನೋಮ್‌ನಲ್ಲಿ ‘ಟ್ವೀಕ್ಸ್’, ಕೆಡಿಇಯಲ್ಲಿ ‘ಸಿಸ್ಟಂ ಸೆಟ್ಟಿಂಗ್ಸ್’ನ ಫಾಂಟ್ ವಿಭಾಗ ತೆರೆಯಿರಿ. ಹಿಂಟಿಂಗ್ ಸ್ಲೈಟ್ ಇರಲಿ. ಸಾಮಾನ್ಯ ಎಲ್‌ಸಿಡಿಗೆ ಸಬ್‌ಪಿಕ್ಸೆಲ್ ಇರಲಿ. ತಿರುಗಿಸಿ ನಿಲ್ಲಿಸಿದ ಪರದೆ, ಓಎಲ್‌ಇಡಿ, ಅತಿ ಸೂಕ್ಷ್ಮ ಪರದೆಗಳಿಗೆ ಬೂದು ಬಣ್ಣದ ವಿಧಾನವೇ ಸರಿ.

5. ಬ್ರೌಸರ್. ಫೈರ್‌ಫಾಕ್ಸ್‌ನ ಫಾಂಟ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡಕ್ಕೆಂದೇ ಬೇರೆ ಫಾಂಟ್, ಬೇರೆ ಗಾತ್ರ, ಕನಿಷ್ಠ ಗಾತ್ರ ಆರಿಸಬಹುದು.

ನಾಲ್ಕನೆಯ ಹೆಜ್ಜೆಯ ಬಗ್ಗೆ ಒಂದು ಮಾತು. 2020ರ ಕೊನೆಯಲ್ಲಿ ಬಂದ ಜಿಟಿಕೆ 4, ಅಂದರೆ ಗ್ನೋಮ್‌ನ ಹೊಸ ತಂತ್ರಾಂಶಗಳ ತಳಹದಿ, ಸಬ್‌ಪಿಕ್ಸೆಲ್ ವಿಧಾನವನ್ನು ಕೈಬಿಟ್ಟು ಬೂದು ವಿಧಾನಕ್ಕೆ ನಿಂತಿದೆ. ಆಪಲ್ ಕೂಡ ಮ್ಯಾಕ್‌ಓಎಸ್‌ನ 2018ರ ಮೊಹಾವೆ ಆವೃತ್ತಿಯಲ್ಲಿ ಹಾಗೇ ಮಾಡಿತ್ತು. ಪರದೆಗಳು ಸೂಕ್ಷ್ಮವಾದಂತೆ ಇದರ ಅಗತ್ಯ ಕಡಿಮೆ ಎಂಬುದು ಒಂದು ಕಾರಣ. ಆದರೆ ಸೂಕ್ಷ್ಮ ಪರದೆ ಕೊಳ್ಳಲಾಗದವರ ಮನೆಯಲ್ಲಿ ಹಳೆಯ ಪರದೆಯೇ ಉಳಿದಿರುತ್ತದೆ. ಅಲ್ಲಿ ಫಾಂಟ್ ಮತ್ತು ಗಾತ್ರದ ಆಯ್ಕೆ ಇನ್ನಷ್ಟು ಮುಖ್ಯವಾಗುತ್ತದೆ.

ಸೆಟ್ಟಿಂಗ್ಸ್‌ನಿಂದ ಬಗೆಹರಿಯದ್ದು

ಕೆಲವು ತೊಂದರೆ ಮಸುಕಿನಂತೆ ಕಂಡರೂ ಅದರ ಮೂಲ ಬೇರೆ ಇರುತ್ತದೆ. ಹಳೆಯ ಕಡತ ತೆರೆದಾಗ ಕನ್ನಡದ ಬದಲು, ತಲೆಯ ಮೇಲೆ ಚುಕ್ಕೆ ಗೆರೆಗಳಿರುವ ಇಂಗ್ಲಿಷ್ ಅಕ್ಷರಗಳ ರಾಶಿ ಕಂಡರೆ ಅದು ಯೂನಿಕೋಡ್‌ಗೆ ಮುಂಚಿನ ಪದ್ಧತಿಯ ಕಡತ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಲಾಗಿತ್ತು. ಕನ್ನಡಕ್ಕೆ ಬೇರೆ ದಾರಿಯೇ ಇಲ್ಲದಿದ್ದ ಕಾಲದಲ್ಲಿ ಆ ಉಪಾಯ ಲಕ್ಷಾಂತರ ಪುಟಗಳನ್ನು ಬರೆಸಿತು. ಇಂದು ಅಂಥ ಕಡತಗಳಿಗೆ ಫಾಂಟ್ ಹುಡುಕುವ ಬದಲು ಅವನ್ನು ಯೂನಿಕೋಡ್‌ಗೆ ಪರಿವರ್ತಿಸುವುದೇ ಸರಿ. ಆಗ ಅವನ್ನು ಓದಲೂ ಬಹುದು, ಹುಡುಕಲೂ ಬಹುದು.

ಇನ್ನೊಂದು ಬಗೆಯ ತಪ್ಪು ಬೆರಳಚ್ಚಿನದು. ‘ರ‍್ಯಾಂಕ್’ ಎಂದು ಬರೆಯಬೇಕಾದಲ್ಲಿ ‘ರ್ಯಾಂಕ್’ ಎಂದು ಅರ್ಕಾವತ್ತು ಬಂದಿರುತ್ತದೆ. ಇದರಲ್ಲಿ ಹಾರ್ಫ್‌ಬಜ್‌ನ ತಪ್ಪಿಲ್ಲ. ರಕಾರ ಪೂರ್ತಿಯಾಗಿ ನಿಲ್ಲಬೇಕಾದರೆ ರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಬರಬೇಕು. ಹಾಗೆಯೇ ‘ಸಾಫ್ಟ್‌ವೇರ್’ನಲ್ಲಿ ಟಕಾರದ ಕೆಳಗೆ ವ ಒತ್ತಾಗದಿರಲು ಕಾಣದ ಇನ್ನೊಂದು ಸಂಕೇತ, ಬೇರ್ಪಡಿಸುವುದು, ಬೇಕು. ಲಿನಕ್ಸ್‌ನ ‘ಐಬಸ್’ ಮೂಲಕ ಸಿಗುವ ಕನ್ನಡ ಕೀಲಿಮಣೆ ವಿನ್ಯಾಸಗಳಲ್ಲಿ ಇವು ಯಾವ ಕೀಲಿಯಲ್ಲಿವೆ ಎಂದು ಒಮ್ಮೆ ನೋಡಿಕೊಂಡರೆ ಮುಂದೆ ಈ ತಪ್ಪು ಆಗದು.

ಟರ್ಮಿನಲ್‌ನ ಕಪ್ಪು ಕಿಟಕಿಯಲ್ಲಿ ಕನ್ನಡ ಒಡೆದು ಕಾಣುವುದು ಮೂರನೆಯ ಬಗೆ. ಟರ್ಮಿನಲ್ ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಮನೆ ಎಂದು ಲೆಕ್ಕ ಹಾಕುತ್ತದೆ. ‘ಷ್ಟ್ರೀ’ಯಂಥ ಅಕ್ಷರ ಆ ಮನೆಯಲ್ಲಿ ಹಿಡಿಯುವುದಿಲ್ಲ. ಸದ್ಯಕ್ಕೆ ಕನ್ನಡ ಪಠ್ಯವನ್ನು ಎಡಿಟರ್‌ನಲ್ಲಿ ತೆರೆಯುವುದೇ ದಾರಿ.

▣ ನಿಮ್ಮ ಫಾಂಟ್ ಪರೀಕ್ಷಿಸುವ ಪದಗಳು

ವೈಶಿಷ್ಟ್ಯ, ದಾರಿದ್ರ್ಯ, ಉತ್ಪ್ರೇಕ್ಷೆ: ಒತ್ತಿನ ಮೇಲೆ ಒತ್ತು ಬಿಡಿಯಾಗಿ ಕಾಣುತ್ತದೆಯೇ?
ಸೂರ್ಯ, ಕಾರ್ಯ: ಅರ್ಕಾವತ್ತು ಸರಿಯಾದ ಜಾಗದಲ್ಲಿದೆಯೇ?
ಕೃಷ್ಣ, ಜ್ಞಾನ, ಕ್ಷೀರ: ಕೂಡಿದ ರೂಪ ಸರಿಯೇ?
ರ‍್ಯಾಂಕ್, ಸಾಫ್ಟ್‌ವೇರ್: ಕಾಣದ ಸಂಕೇತಗಳನ್ನು ಫಾಂಟ್ ಗೌರವಿಸುತ್ತದೆಯೇ?
ಇವನ್ನು ಸಾಧಾರಣ ಮತ್ತು ಬೋಲ್ಡ್ ಎರಡರಲ್ಲೂ, 11 ಪಾಯಿಂಟ್ ಗಾತ್ರದಲ್ಲಿ ನೋಡಿ.

ಅಚ್ಚಿನ ಮನೆಯ ಎಚ್ಚರ ಪರದೆಗೂ ಬರಲಿ

ಕನ್ನಡ ಅಕ್ಷರವನ್ನು ಯಂತ್ರಕ್ಕೆ ಒಗ್ಗಿಸುವ ಕೆಲಸ ಇವತ್ತಿನದಲ್ಲ. 1817ರಲ್ಲಿ ಬಂಗಾಳದ ಸೆರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಯಿತು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಆ ದಿನವನ್ನೇ ನಾವು ಪತ್ರಿಕಾ ದಿನವಾಗಿ ಆಚರಿಸುತ್ತೇವೆ. ಕಿಟೆಲ್ ಅವರ ಬೃಹತ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು. ಅಚ್ಚಿನ ಮೊಳೆ ಎರಕ ಹೊಯ್ದವರು, ಒತ್ತುಗಳನ್ನು ಕೈಯಾರೆ ಜೋಡಿಸಿದವರು, ಆಮೇಲೆ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಜೋಡಣೆಗೆ ದಾರಿ ತೆರೆದ ಕೆ.ಪಿ. ರಾವ್ ಅವರಂಥವರು, ಎಲ್ಲರ ಮುಂದೆಯೂ ಇದ್ದದ್ದು ಒಂದೇ ಹೊಣೆ: ಓದುಗರಿಗೆ ಅಕ್ಷರ ಸ್ಪಷ್ಟವಾಗಿ ಕಾಣಬೇಕು.

ಆ ಹೊಣೆ ಈಗ ಪರದೆಯ ಮೇಲಿದೆ. ಪಕ್ಕದ ಕೇರಳ ಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನೇ ನೆಚ್ಚಿಕೊಂಡಿತು. ಅಲ್ಲಿನ ‘ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್’ ಸಮುದಾಯ ಮೀರಾ, ರಚನಾ, ಮಂಜರಿಯಂಥ ಮುಕ್ತ ಫಾಂಟ್‌ಗಳನ್ನು ಜನರ ಕೈಗಿಟ್ಟು, ವರ್ಷಗಳಿಂದ ಅವನ್ನು ತಿದ್ದುತ್ತ ಬಂದಿದೆ. ಕನ್ನಡದಲ್ಲೂ ಉತ್ಸಾಹಿಗಳು ದುಡಿದಿದ್ದಾರೆ, ಫಾಂಟ್‌ಗಳೂ ಹುಟ್ಟಿವೆ. ಹುಟ್ಟಿದ ಫಾಂಟನ್ನು ಪ್ರತಿ ವರ್ಷ ಪರೀಕ್ಷಿಸಿ, ತಿದ್ದಿ, ನಿಜವಾದ ಬೋಲ್ಡ್ ಸೇರಿಸಿ, ಸಣ್ಣ ಪರದೆಗೆ ಹದ ಮಾಡುವ ನಿರಂತರ ಕೆಲಸಕ್ಕೆ ಹಣವೂ ಬೇಕು, ಜನವೂ ಬೇಕು.

ಸರ್ಕಾರ, ವಿಶ್ವವಿದ್ಯಾಲಯಗಳು, ಅಕಾಡೆಮಿಗಳು ಮಾಡಬಹುದಾದ ಕೆಲಸ ಇದು. ಒಂದೆರಡು ಒಳ್ಳೆಯ ಓದಿನ ಫಾಂಟ್‌ಗಳನ್ನು ಮುಕ್ತ ಪರವಾನಗಿಯಲ್ಲಿ ಪೋಷಿಸಲಿ. ಅವು ಪಠ್ಯಪುಸ್ತಕದಲ್ಲೂ ಸರ್ಕಾರಿ ಜಾಲತಾಣದಲ್ಲೂ ಹಳ್ಳಿಯ ಗ್ರಂಥಾಲಯದ ಕಂಪ್ಯೂಟರಿನಲ್ಲೂ ಒಂದೇ ಸ್ಪಷ್ಟತೆಯಲ್ಲಿ ಕಾಣಲಿ. ಹತ್ತಾರು ಹೊಸ ಫಾಂಟ್‌ಗಳ ಬಿಡುಗಡೆ ಸಮಾರಂಭಕ್ಕಿಂತ, ಇರುವ ಒಂದನ್ನು ಹತ್ತು ವರ್ಷ ಬಿಡದೆ ತಿದ್ದುವುದು ಕನ್ನಡಕ್ಕೆ ಹೆಚ್ಚಿನ ಉಪಕಾರ.

ಬಳಕೆದಾರರಿಗೂ ಇಲ್ಲಿ ಪಾಲಿದೆ. ಒತ್ತು ತಪ್ಪಾಗಿ ಕಂಡರೆ ಬೈದು ಸುಮ್ಮನಾಗದೆ, ಆ ಫಾಂಟ್ ಅಥವಾ ತಂತ್ರಾಂಶದ ದೋಷ ದಾಖಲೆಯಲ್ಲಿ ಬರೆಯಿರಿ. ಪರದೆಯ ಚಿತ್ರ, ಫಾಂಟಿನ ಹೆಸರು, ಆವೃತ್ತಿ, ಜತೆಗೆ ಆ ಪದವನ್ನೇ ಬೆರಳಚ್ಚಿಸಿದ ಪಠ್ಯ ಇರಲಿ; ಬರೀ ಚಿತ್ರದಿಂದ ಸಂಕೇತಗಳ ಕ್ರಮ ತಿಳಿಯದು. ತಿದ್ದುವವರಿಗೆ ಕನ್ನಡ ಬರಬೇಕೆಂದಿಲ್ಲ. ಯಾವುದು ಸರಿ ಎಂದು ಹೇಳುವ ಕನ್ನಡಿಗರು ಬೇಕು. ಒಬ್ಬರು ಬರೆದ ಒಂದು ದೂರು ತಿದ್ದುಪಡಿಯಾದರೆ, ಅದು ಮುಂದಿನ ಆವೃತ್ತಿಯ ಜತೆ ಜಗತ್ತಿನಲ್ಲಿ ಕನ್ನಡ ಓದುವ ಎಲ್ಲರಿಗೂ ತಲುಪುತ್ತದೆ. ಮುಕ್ತ ತಂತ್ರಾಂಶ ನಮಗೆ ಕೊಟ್ಟಿರುವ ಈ ಅಧಿಕಾರವನ್ನು ಕನ್ನಡಿಗರು ಇನ್ನೂ ಧಾರಾಳವಾಗಿ ಬಳಸಬೇಕು.